ಖಾಲಿ ಬಾಟಲಿಯ ಋಣ

ಜಾತ್ರೆ ಮುಗಿದ ಮರುದಿನದ ಬೆಳಗನ್ನು ನೋಡಿದವರಿಗೆ ಈ ಲೇಖನದ ವಿಷಯವನ್ನು ಹೆಚ್ಚು ವಿವರಿಸಿ ಹೇಳಬೇಕಾಗಿಲ್ಲ. ಹಿಂದಿನ ಸಂಜೆ ಸಾವಿರಾರು ಜನ ಉತ್ತತ್ತಿ, ಬಾಳೆಹಣ್ಣು ಎಸೆದು ತೇರಿಗೆ ಕೈಮುಗಿದ ಬಯಲು ಅದು. ಜನರೆಲ್ಲ ತಮ್ಮ ತಮ್ಮ ಊರು ಸೇರಿದ ಮೇಲೆ ಅಲ್ಲಿ ಉಳಿಯುವುದು ತೇರಿನ ಗಾಲಿಯ ಗುರುತು, ಬಾಡಿದ ಹೂವು ಮತ್ತು ಕಣ್ಣು ಹಾಯುವವರೆಗೂ ಹರಡಿಕೊಂಡ ಖಾಲಿ ಬಾಟಲಿಗಳು. ನೀರಿನವು, ತಂಪುಪಾನೀಯದವು, ಮರೆಯಲ್ಲಿ ಕುಡಿದು ಬಿಸಾಡಿದ ಮದ್ಯದವು ಕೂಡ. ಎರಡು ದಿನ ಕಳೆದರೆ ಗಾಳಿಗೆ ಹಾರಿ ಹಳ್ಳಕ್ಕೆ ಬೀಳುವವು ಕೆಲವು. ಮುಂಗಾರಿನ ಮೊದಲ ಮಳೆಗೆ ಕಾಲುವೆಯ ಬಾಯಿ ಕಟ್ಟುವವು ಕೆಲವು. ಒಡೆದು ಹೊಲದ ಮಣ್ಣಿನಲ್ಲಿ ಸೇರಿ ಎತ್ತಿನ ಗೊರಸು ಸೀಳುವವು ಇನ್ನು ಕೆಲವು.

ಅಂಥದೊಂದು ಬೆಳಗಿನಲ್ಲಿ ನಾವು ಒಬ್ಬ ವೃದ್ಧೆಯನ್ನು ಕಂಡೆವು. ಹೆಗಲ ಮೇಲೆ ದೊಡ್ಡ ಗೋಣಿಚೀಲ. ಬಾಗಿ ಬಾಗಿ ಪ್ಲಾಸ್ಟಿಕ್ ಬಾಟಲಿಗಳನ್ನು ಆಯ್ದು ಚೀಲಕ್ಕೆ ತುಂಬುತ್ತಿದ್ದರು. ಅವುಗಳ ಪಕ್ಕದಲ್ಲಿಯೇ ಬಿದ್ದಿದ್ದ ಗಾಜಿನ ಬಾಟಲಿಗಳನ್ನು ಮಾತ್ರ ಮುಟ್ಟುತ್ತಿರಲಿಲ್ಲ. ನಮಗೆ ಕುತೂಹಲವಾಯಿತು.

“ಅವ್ವಾ, ಗಾಜಿನವನ್ನ ಯಾಕ ಬಿಟ್ಟಿ?” ಎಂದು ಕೇಳಿದೆವು.

“ಅವನ್ನ ಯಾರ ತಗೋತಾರ ಯಪ್ಪಾ? ಹೊತ್ತುಕೊಂಡ ಹೋದರ ಹೊತ್ತ ಕೂಲಿನೂ ಗಿಟ್ಟೂದಿಲ್ಲ” ಎಂದರು.

ಆ ತಾಯಿ ಒಂದೇ ಮಾತಿನಲ್ಲಿ ಇಡೀ ವಿಷಯದ ತಿರುಳನ್ನು ಹೇಳಿಬಿಟ್ಟಿದ್ದರು. ಬೆಲೆಯಿರುವ ವಸ್ತು ತಿರುಗಿ ಊರಿಗೆ ಬರುತ್ತದೆ. ಬೆಲೆಯಿಲ್ಲದ್ದು ಬಯಲಿನಲ್ಲಿಯೇ ಉಳಿಯುತ್ತದೆ. ಹಾಗಾದರೆ ಬೆಲೆಯಿಲ್ಲದ್ದಕ್ಕೆ ಬೆಲೆ ಕಟ್ಟುವ ಉಪಾಯವೊಂದು ಇದೆಯೇ? ಇದೆ. ಅದು ಹೊಸದೂ ಅಲ್ಲ, ಪರದೇಶದ್ದು ಮಾತ್ರವೂ ಅಲ್ಲ.

ನಮ್ಮಲ್ಲಿಯೇ ಇದ್ದ ಪದ್ಧತಿ

ಐವತ್ತು ದಾಟಿದ ವಾಚಕರು ಗೋಲಿ ಸೋಡಾವನ್ನು ಮರೆತಿರಲಾರರು. ಬಾಟಲಿಯ ಕಂಠದಲ್ಲಿ ಗಾಜಿನ ಗೋಲಿಯೊಂದು ಸಿಕ್ಕಿಕೊಂಡಿರುತ್ತದೆ. ಒಳಗಿನ ಅನಿಲದ ಒತ್ತಡಕ್ಕೆ ಅದು ಮೇಲೇರಿ ರಬ್ಬರಿನ ಉಂಗುರಕ್ಕೆ ಅಂಟಿ ಬಾಯಿ ಮುಚ್ಚುತ್ತದೆ. ಅಂಗಡಿಯವನು ಅದನ್ನು ಒತ್ತಿದಾಗ ‘ಟಪ್’ ಎಂಬ ಸದ್ದು, ಅದರ ಹಿಂದೆಯೇ ನೊರೆ. ಈ ಬಾಟಲಿಯನ್ನು 1870ರ ದಶಕದ ಆರಂಭದಲ್ಲಿ ರೂಪಿಸಿದವನು ಹೈರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್. ಅವನ ದೇಶದಲ್ಲಿ ಅದು ಎಂದೋ ಮೂಲೆಗೆ ಸರಿಯಿತು. ನಮ್ಮ ಬಸ್ ನಿಲ್ದಾಣಗಳಲ್ಲಿ, ಸಂತೆಗಳಲ್ಲಿ, ಜಾತ್ರೆಗಳಲ್ಲಿ ಬಹುಕಾಲ ಬಾಳಿತು.

ಗೋಲಿ ಸೋಡಾ ಕುಡಿದವರು ಬಾಟಲಿಯನ್ನು ಎಂದಾದರೂ ಎಸೆದದ್ದುಂಟೇ? ಇಲ್ಲ. ಅಂಗಡಿಯ ಮುಂದೆಯೇ ನಿಂತು ಕುಡಿದು, ಬಾಟಲಿಯನ್ನು ಮರದ ಪೆಟ್ಟಿಗೆಯ ಖಾನೆಯಲ್ಲಿಟ್ಟು ಮುಂದೆ ಸಾಗುವುದು ರೂಢಿ. ಮನೆಗೆ ಒಯ್ಯಬೇಕೆಂದರೆ ಅಂಗಡಿಯವನಲ್ಲಿ ಸ್ವಲ್ಪ ಹಣವನ್ನು ಡಿಪಾಜಿಟ್ ಇಡಬೇಕಾಗುತ್ತಿತ್ತು. ಮದುವೆಯ ಮನೆಗೆ ತಂಪುಪಾನೀಯದ ಪೆಟ್ಟಿಗೆಗಳು ಬಂದರೂ ಅದೇ ಲೆಕ್ಕ. ಹಿಂದಿರುಗಿಸುವಾಗ ಖಾಲಿ ಬಾಟಲಿಗಳನ್ನು ಎಣಿಸಿ, ಒಡೆದವಕ್ಕೆ ಹಣ ಮುರಿದುಕೊಂಡು, ಉಳಿದುದನ್ನು ಕೊಡುತ್ತಿದ್ದರು. ಹೀಗಾಗಿ ಮದುವೆಯ ಮನೆಯಲ್ಲಿ ಬಾಟಲಿ ಕಾಯುವ ಕೆಲಸವನ್ನು ಹುಡುಗರಿಗೆ ವಹಿಸುವುದು ವಾಡಿಕೆಯಾಗಿತ್ತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನಾವು ಕೊಂಡದ್ದು ಪಾನೀಯವನ್ನು, ಬಾಟಲಿಯನ್ನಲ್ಲ. ಬಾಟಲಿ ನಮ್ಮ ಕೈಗೆ ಎರವಲಾಗಿ ಬಂದದ್ದು. ಇಟ್ಟ ಹಣ ಅದರ ಬೆಲೆಯಲ್ಲ, ಒತ್ತೆ. ಎರವಲು ತಂದದ್ದನ್ನು ತಿರುಗಿಸಿ ಕೊಟ್ಟಾಗಲೇ ಋಣ ಹರಿಯುವುದು ಎಂಬ ಭಾವನೆ ನಮ್ಮ ಹಿರಿಯರಲ್ಲಿ ಸಹಜವಾಗಿತ್ತು. ನೆರೆಮನೆಯಿಂದ ತಂದ ಪಾತ್ರೆಯನ್ನು ತೊಳೆದು ಕೊಡುವ ಮನೆತನದವರಿಗೆ ಇದನ್ನು ಬೇರೆಯಾಗಿ ಕಲಿಸಬೇಕಾಗಿರಲಿಲ್ಲ.

ಹಗುರವಾದ ಪ್ಲಾಸ್ಟಿಕ್ ಬಾಟಲಿ ಬಂದ ಮೇಲೆ ಈ ಸಂಬಂಧ ಕಡಿದುಹೋಯಿತು. ತಯಾರಕನಿಗೆ ಖಾಲಿ ಬಾಟಲಿಗಳನ್ನು ಹಿಂದಕ್ಕೆ ತರಿಸಿ ತೊಳೆಯುವ ಖರ್ಚು ತಪ್ಪಿತು, ಅಂಗಡಿಯವನಿಗೆ ಎಣಿಕೆಯ ತೊಂದರೆ ತಪ್ಪಿತು, ಕೊಳ್ಳುವವನಿಗೆ ಹೊರುವ ಭಾರ ತಪ್ಪಿತು. ಎಲ್ಲರಿಗೂ ತಪ್ಪಿದ ಆ ಭಾರ ಎಲ್ಲಿಗೆ ಹೋಯಿತು? ಹಳ್ಳಕ್ಕೆ, ಹೊಲಕ್ಕೆ, ಊರ ಹೊರಗಿನ ತಿಪ್ಪೆಗೆ ಮತ್ತು ಆ ವೃದ್ಧೆಯ ಹೆಗಲಿಗೆ.

ಒರೆಗಾನ್ ತೋರಿದ ದಾರಿ

ಬಳಸಿ ಬಿಸಾಡುವ ಬಾಟಲಿ, ಡಬ್ಬಿಗಳ ಕಾಟವನ್ನು ನಮಗಿಂತ ಮೊದಲು ಕಂಡವರು ಅಮೆರಿಕದವರು. ಅಲ್ಲಿನ ಪಶ್ಚಿಮ ಕರಾವಳಿಯ ಒರೆಗಾನ್ ರಾಜ್ಯದಲ್ಲಿ ರಿಚರ್ಡ್ ಚೇಂಬರ್ಸ್ ಎಂಬೊಬ್ಬ ಗೃಹಸ್ಥರಿದ್ದರು. ಮರ ಕಡಿಯುವ ಉದ್ಯಮಕ್ಕೆ ಬೇಕಾದ ಯಂತ್ರೋಪಕರಣಗಳನ್ನು ಮಾರುವುದು ಅವರ ವೃತ್ತಿ. ತಾವು ಅಡ್ಡಾಡುವ ಕಡಲ ದಂಡೆಯಲ್ಲಿ ಖಾಲಿ ಡಬ್ಬಿ, ಬಾಟಲಿಗಳು ಬಿದ್ದಿರುವುದನ್ನು ಕಂಡು ನೊಂದುಕೊಂಡ ಅವರು, ಇದಕ್ಕೊಂದು ಕಾನೂನು ಬೇಕೆಂದು ಶಾಸಕರ ಬೆನ್ನು ಹತ್ತಿದರು. ಪಾನೀಯದ ಉದ್ಯಮಗಳು ಬಲವಾಗಿ ವಿರೋಧಿಸಿದವು. ಆದರೂ 1971ರಲ್ಲಿ ರಾಜ್ಯಪಾಲ ಟಾಮ್ ಮೆಕಾಲ್ ಅವರ ಅಂಕಿತದೊಡನೆ ಶಾಸನವಾಯಿತು. 1972ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದಿತು. ಅಮೆರಿಕದ ರಾಜ್ಯಗಳಲ್ಲಿ ಇಂಥ ಶಾಸನ ಮಾಡಿದ ಮೊದಲನೆಯದು ಒರೆಗಾನ್.

ಕಟ್ಟಳೆ ಸರಳವಾದುದು. ಬಿಯರ್ ಮತ್ತು ಸೋಡಾದ ಪ್ರತಿ ಡಬ್ಬಿ, ಬಾಟಲಿಯ ಮೇಲೆ 5 ಸೆಂಟ್ ಒತ್ತೆ. ಎಲ್ಲ ತಯಾರಕರೂ ಮರಳಿ ಬಳಸಬಹುದಾದ ಸಾಮಾನ್ಯ ಗಾಜಿನ ಬಾಟಲಿಗೆ ಮಾತ್ರ 2 ಸೆಂಟ್. ಖಾಲಿಯನ್ನು ಅಂಗಡಿಗೆ ತಂದವರಿಗೆ ಆ ಹಣ ವಾಪಸು. ರಸ್ತೆಬದಿಯ ಕಸದಲ್ಲಿ ಪಾನೀಯದ ಡಬ್ಬಿ, ಬಾಟಲಿಗಳ ಪಾಲು ಮೊದಲು ನೂರಕ್ಕೆ 40ರಷ್ಟಿದ್ದುದು 1979ರ ಹೊತ್ತಿಗೆ ನೂರಕ್ಕೆ 6ಕ್ಕೆ ಇಳಿಯಿತು. ಜನರ ಸ್ವಭಾವ ಒಮ್ಮೆಲೇ ಬದಲಾಯಿತೆಂದು ಇದರ ಅರ್ಥವಲ್ಲ. ಎಸೆಯುವವರು ಎಸೆದೇ ಎಸೆದರು. ಆದರೆ ಎತ್ತಿಕೊಳ್ಳಲು ಇನ್ನೊಬ್ಬರು ಸಿದ್ಧರಿದ್ದರು.

ಒರೆಗಾನ್‌ನ ಅನುಭವದಲ್ಲಿ ಇನ್ನೊಂದು ಪಾಠವಿದೆ. 1972ರಲ್ಲಿ 5 ಸೆಂಟ್‌ಗೆ ಇದ್ದ ಕಿಮ್ಮತ್ತು ಮುಂದಿನ ದಶಕಗಳಲ್ಲಿ ಉಳಿಯಲಿಲ್ಲ. ಹಣದ ಬೆಲೆ ಇಳಿದಂತೆ ಬಾಟಲಿಗಳೂ ಬಾರದಾದವು. ಸತತ ಎರಡು ವರ್ಷ ನೂರಕ್ಕೆ 80ಕ್ಕಿಂತ ಕಡಿಮೆ ಬಾಟಲಿಗಳು ಮರಳಿದರೆ ಒತ್ತೆಯನ್ನು ಇಮ್ಮಡಿಗೊಳಿಸಬೇಕೆಂದು ಕಾನೂನಿಗೆ ಮುಂದೆ ತಿದ್ದುಪಡಿ ಮಾಡಿಕೊಂಡಿದ್ದರು. ಅದರಂತೆ 2017ರ ಏಪ್ರಿಲ್‌ನಲ್ಲಿ ಒತ್ತೆ 10 ಸೆಂಟ್ ಆಯಿತು. ಬಾಟಲಿಗಳು ಮತ್ತೆ ಮರಳತೊಡಗಿದವು. ಒತ್ತೆ ಎಂದರೆ ಮನುಷ್ಯನನ್ನು ಒಂದು ಕ್ಷಣ ನಿಲ್ಲಿಸಿ ಯೋಚಿಸುವಂತೆ ಮಾಡುವಷ್ಟಾದರೂ ಇರಬೇಕು.

ಜರ್ಮನಿ ಮತ್ತು ನಾರ್ವೆ

ಜರ್ಮನಿಯಲ್ಲಿ ಗಾಜಿನ ಬಾಟಲಿಗಳನ್ನು ತೊಳೆದು ಮರಳಿ ತುಂಬುವ ರೂಢಿ ಹಿಂದಿನಿಂದಲೂ ಬಲವಾಗಿದೆ. ಒಳ್ಳೆಯ ಗಾಜಿನ ಬಾಟಲಿಯೊಂದನ್ನು ಐವತ್ತು ಸಲದವರೆಗೆ ತುಂಬಬಹುದೆಂಬುದು ಅಲ್ಲಿನ ಅನುಭವ. ಈ ರೂಢಿ ಅಳಿಯಬಾರದೆಂದು 1991ರ ಕಟ್ಟಳೆಯಲ್ಲಿ ಒಂದು ಷರತ್ತು ಹಾಕಿದರು. ಮರಳಿ ತುಂಬುವ ಬಾಟಲಿಗಳ ಪಾಲು ನೂರಕ್ಕೆ 72ಕ್ಕಿಂತ ಕೆಳಗಿಳಿದರೆ, ಬಿಸಾಡುವ ಬಾಟಲಿಗಳ ಮೇಲೆಯೂ ಒತ್ತೆ ಹೇರಲಾಗುವುದು ಎಂಬುದು ಆ ಷರತ್ತು. ಪಾಲು ಇಳಿದೇ ಇಳಿಯಿತು. ಉದ್ಯಮಿಗಳು ನ್ಯಾಯಾಲಯದ ಮೆಟ್ಟಿಲೇರಿದರೂ, 2003ರ ಜನವರಿ 1ರಿಂದ ಒತ್ತೆ ಜಾರಿಗೆ ಬಂದಿತು. ಇಂದು ಬಿಸಾಡುವ ಬಾಟಲಿ ಅಥವಾ ಡಬ್ಬಿಯೊಂದಕ್ಕೆ 25 ಸೆಂಟ್. ನಮ್ಮ ಲೆಕ್ಕದಲ್ಲಿ ಇಪ್ಪತ್ತು ರೂಪಾಯಿಗೂ ಮಿಕ್ಕಿದ್ದು.

ಆರಂಭದಲ್ಲಿ ಗೊಂದಲವಾಯಿತು. ತಾವು ಮಾರಿದ ಬಗೆಯ ಬಾಟಲಿಗಳನ್ನು ಮಾತ್ರ ತೆಗೆದುಕೊಳ್ಳುವೆವೆಂದು ದೊಡ್ಡ ಅಂಗಡಿಗಳು ಹಟ ಹಿಡಿದವು. 2006ರ ಮೇ ತಿಂಗಳಿನಲ್ಲಿ ಆ ರಿಯಾಯಿತಿಯನ್ನು ತೆಗೆದುಹಾಕಿದರು. ಎಲ್ಲಿ ಕೊಂಡ ಬಾಟಲಿಯನ್ನಾದರೂ, ಅದೇ ವಸ್ತುವಿನ ಬಾಟಲಿಗಳನ್ನು ಮಾರುವ ಬೇರೆ ಅಂಗಡಿಯಲ್ಲಿ ಹಿಂದಿರುಗಿಸಬಹುದಾಯಿತು. ಅಂಗಡಿಯ ಗೋಡೆಯಲ್ಲೊಂದು ಯಂತ್ರ. ಅದರ ಬಾಯಿಗೆ ಬಾಟಲಿ ಇಟ್ಟರೆ ಒಳಗಿನ ಕಣ್ಣು ಅದರ ಮೇಲಿನ ಗುರುತನ್ನು ಓದಿ, ಬಾಟಲಿಯನ್ನು ಒಳಗೆಳೆದು ಜಜ್ಜಿಬಿಡುತ್ತದೆ. ಜಜ್ಜುವುದೇಕೆಂದರೆ, ಅದೇ ಬಾಟಲಿಯನ್ನು ತಂದು ಇನ್ನೊಮ್ಮೆ ಹಣ ಕೇಳದಿರಲೆಂದು. ಕೊನೆಯಲ್ಲಿ ಬರುವ ಚೀಟಿಯನ್ನು ಕೊಟ್ಟರೆ ಹಣ, ಇಲ್ಲವೇ ಅಷ್ಟರ ಸಾಮಾನು. ಇಂಥ ಒತ್ತೆಯ ಬಾಟಲಿಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಅಲ್ಲಿ ಮರಳಿ ಬರುತ್ತವೆ.

ಆದರೂ ಜರ್ಮನಿಯ ಕಥೆಯನ್ನು ಪೂರ್ಣ ಜಯವೆಂದು ಹೇಳಲಾಗದು. ಯಾವ ಉದ್ದೇಶಕ್ಕಾಗಿ ಒತ್ತೆ ಹೇರಿದರೋ ಆ ಉದ್ದೇಶ ಕೈಗೂಡಲಿಲ್ಲ. ಪ್ಲಾಸ್ಟಿಕ್ ಬಾಟಲಿಗಳು ಚೊಕ್ಕಟವಾಗಿ ಮರಳಿ ಬರತೊಡಗಿದವೇ ಹೊರತು, ತೊಳೆದು ತುಂಬುವ ಬಾಟಲಿಗಳ ಪಾಲು ಮುಂದೆಯೂ ಕುಗ್ಗುತ್ತಲೇ ಹೋಯಿತು. ಕರಗಿಸಿ ಹೊಸದು ಮಾಡುವುದು ಒಳ್ಳೆಯದು. ತೊಳೆದು ಅದನ್ನೇ ಬಳಸುವುದು ಇನ್ನೂ ಒಳ್ಳೆಯದು. ಒತ್ತೆಯ ಪದ್ಧತಿ ಮೊದಲನೆಯದನ್ನು ಸಾಧಿಸುತ್ತದೆ. ಎರಡನೆಯದಕ್ಕೆ ಬೇರೆ ಸಂಕಲ್ಪವೇ ಬೇಕು.

ನಾರ್ವೆಯವರು ತಯಾರಕರ ಸ್ವಾರ್ಥವನ್ನೇ ಒಳ್ಳೆಯ ಕೆಲಸಕ್ಕೆ ಹೂಡಿದರು. ಅಲ್ಲಿ ಪಾನೀಯದ ಬಾಟಲಿ, ಡಬ್ಬಿಗಳ ಮೇಲೆ ಸರಕಾರದ ಪರಿಸರ ತೆರಿಗೆಯಿದೆ. ಮರಳಿ ಬರುವ ಬಾಟಲಿಗಳ ಪ್ರಮಾಣ ಏರಿದಂತೆ ತೆರಿಗೆ ಇಳಿಯುತ್ತದೆ. ನೂರಕ್ಕೆ 95ನ್ನು ತಲುಪಿದರೆ ಪೂರ್ತಿ ಮಾಫಿ. ಹೀಗಾಗಿ ಬಾಟಲಿ ಮರಳಿ ಬರಲೆಂದು ತಯಾರಕರೇ ಹಂಬಲಿಸುತ್ತಾರೆ. ಒತ್ತೆಯ ವ್ಯವಸ್ಥೆಯನ್ನು 1999ರಿಂದ ನಡೆಸಿಕೊಂಡು ಬಂದಿರುವ ಸಂಸ್ಥೆಯೂ ತಯಾರಕರು ಮತ್ತು ವರ್ತಕರು ಸೇರಿ ಕಟ್ಟಿದ್ದೇ. ಬಾಟಲಿ ತೆಗೆದುಕೊಳ್ಳುವ ಯಂತ್ರಗಳಿಗೆ ಜಗತ್ತಿನಲ್ಲೆಲ್ಲ ಹೆಸರಾದ ‘ತೋಮ್ರಾ’ ಸಂಸ್ಥೆಯನ್ನು ಪ್ಲಾಂಕೆ ಸಹೋದರರು 1972ರಲ್ಲಿ ಆರಂಭಿಸಿದ್ದು ಇದೇ ನಾರ್ವೆಯಲ್ಲಿ.

ಕೇದಾರದ ದಾರಿಯಲ್ಲಿ

ಅದು ಶ್ರೀಮಂತ ದೇಶಗಳ ಮಾತು, ನಮ್ಮ ಜನಜಂಗುಳಿಗೆ ಇದೆಲ್ಲ ಒಗ್ಗದು ಎಂದು ವಾಚಕರಲ್ಲಿ ಕೆಲವರಿಗೆ ಅನಿಸಬಹುದು. ಅಂಥವರನ್ನು ನಾವು ಹಿಮಾಲಯದ ಒಂದು ದಾರಿಗೆ ಕರೆದೊಯ್ಯಲು ಇಚ್ಛಿಸುತ್ತೇವೆ.

ಕೇದಾರನಾಥ ನಮ್ಮ ಸಮಾಜಕ್ಕೆ ದೂರದ ಊರಲ್ಲ. ಅಲ್ಲಿನ ರಾವಲರ ಪರಂಪರೆ ವೀರಶೈವ ಸಮಾಜಕ್ಕೆ ಸೇರಿದುದು. ಪೂಜೆಗೆ ನಿಯುಕ್ತರಾಗುವ ಅರ್ಚಕರು ಕರ್ನಾಟಕದ ಮೂಲದವರು. ಮಂದಾಕಿನಿಯ ಉಗಮದ ಸಮೀಪ, ಸುಮಾರು ಮೂರೂವರೆ ಸಾವಿರ ಮೀಟರ್ ಎತ್ತರದಲ್ಲಿರುವ ಆ ಕ್ಷೇತ್ರಕ್ಕೆ ಗೌರಿಕುಂಡದಿಂದ ಸುಮಾರು 16 ಕಿಲೋಮೀಟರ್ ಏರುದಾರಿಯನ್ನು ಕಾಲ್ನಡಿಗೆಯಲ್ಲೋ, ಕುದುರೆಯ ಮೇಲೋ, ಡೋಲಿಯಲ್ಲೋ ಸಾಗಬೇಕು. ದೇಗುಲ ತೆರೆದಿರುವುದು ವರ್ಷದಲ್ಲಿ ಆರು ತಿಂಗಳು ಮಾತ್ರ. 2022ರ ಒಂದೇ ಯಾತ್ರಾಕಾಲದಲ್ಲಿ 15 ಲಕ್ಷಕ್ಕೂ ಹೆಚ್ಚು ಜನ ಅಲ್ಲಿಗೆ ಹೋಗಿಬಂದರು. ಒಬ್ಬೊಬ್ಬರು ಒಂದೊಂದು ನೀರಿನ ಬಾಟಲಿಯನ್ನು ದಾರಿಯಲ್ಲಿ ಬಿಟ್ಟರೆಂದು ಭಾವಿಸಿದರೂ, ಆ ಕಣಿವೆಯ ಗತಿ ಏನಾದೀತು? ಊರಿನಲ್ಲಾದರೆ ಕಸದ ಗಾಡಿ ಬರುತ್ತದೆ. ಅಲ್ಲಿ ಮೇಲೇರಿದ ಪ್ರತಿಯೊಂದು ವಸ್ತುವನ್ನೂ ಯಾರಾದರೂ ಕೆಳಗೆ ಹೊತ್ತು ತರಬೇಕು. 2013ರ ಜೂನ್ ತಿಂಗಳ ಜಲಪ್ರಳಯವನ್ನು ಕಂಡ ಕಣಿವೆ ಅದು. ಅಲ್ಲಿನ ಹಳ್ಳ ತೊರೆಗಳನ್ನು ಕಸದಿಂದ ಕಟ್ಟಿಸುವುದು ಭಕ್ತಿಯ ಲಕ್ಷಣವಾಗಲಾರದು.

2022ರಲ್ಲಿ ರುದ್ರಪ್ರಯಾಗ ಜಿಲ್ಲಾಡಳಿತ ಹೈದರಾಬಾದಿನ ಒಂದು ಸಂಸ್ಥೆಯೊಡನೆ ಕೂಡಿ ಅಲ್ಲಿ ಒತ್ತೆಯ ಪದ್ಧತಿಯನ್ನು ತಂದಿತು. ದಾರಿಯ ಅಂಗಡಿಗಳಲ್ಲಿ ಮಾರುವ ಪ್ಲಾಸ್ಟಿಕ್ ಬಾಟಲಿಗಳಿಗೆ ಕ್ಯೂಆರ್ ಸಂಕೇತದ ಚೀಟಿ ಅಂಟಿಸಲಾಯಿತು. ಕೊಳ್ಳುವ ಯಾತ್ರಿಕನು ಬೆಲೆಯ ಮೇಲೆ 10 ರೂಪಾಯಿ ಒತ್ತೆ ಇಡಬೇಕು. ನೀರು ಕುಡಿದಾದ ಮೇಲೆ ಗೊತ್ತುಪಡಿಸಿದ ಕೇಂದ್ರದಲ್ಲಿ ಖಾಲಿ ಬಾಟಲಿ ಕೊಟ್ಟರೆ, ಸಂಕೇತವನ್ನು ಓದಿ 10 ರೂಪಾಯಿ ಹಿಂದಿರುಗಿಸುತ್ತಾರೆ. ಪ್ರತಿ ಚೀಟಿಯ ಸಂಕೇತ ಬೇರೆ ಬೇರೆಯಾದ್ದರಿಂದ ಒಂದೇ ಬಾಟಲಿಗೆ ಎರಡು ಸಲ ಹಣ ಪಡೆಯಲು ಬಾರದು. ಯಾತ್ರಿಕನು ಎಸೆದುಹೋದರೂ ನಷ್ಟವಿಲ್ಲ. ಡೋಲಿ ಹೊರುವವನೋ, ಕುದುರೆಯ ಹುಡುಗನೋ ಅದನ್ನು ಎತ್ತಿ ತಂದು ಹತ್ತು ರೂಪಾಯಿ ಪಡೆಯಬಹುದು. ದುಬಾರಿ ಯಂತ್ರವೇ ಬೇಕೆಂದೇನೂ ಇಲ್ಲ. ಒಂದು ಚೀಟಿ, ಒಂದು ಮೊಬೈಲ್, ಒಂದು ಕೇಂದ್ರ ಇದ್ದರೆ ಕೆಲಸ ನಡೆಯುತ್ತದೆ ಎಂಬುದನ್ನು ಈ ಪ್ರಯೋಗ ತೋರಿಸಿಕೊಟ್ಟಿತು.

ನೀಲಗಿರಿಯ ಗಾಜು

ಇನ್ನೊಂದು ನಿದರ್ಶನ ನಮ್ಮ ನೆರೆಯದೇ. ಬಂಡೀಪುರದ ಕಾಡನ್ನು ದಾಟಿದರೆ ಮುದುಮಲೆ, ಅದರಾಚೆ ನೀಲಗಿರಿಯ ಬೆಟ್ಟಗಳು. ಮದ್ಯಪಾನವನ್ನು ನಾವು ಯಾವ ಬಗೆಯಲ್ಲೂ ಸಮರ್ಥಿಸುವವರಲ್ಲ. ಆದರೆ ಕುಡಿದವನ ದೋಷಕ್ಕೆ ಆನೆಯ ಕಾಲು ಸೀಳಬೇಕೆ? ಪ್ರವಾಸಿಗಳು ಕಾಡಿನಂಚಿನಲ್ಲಿ ಎಸೆದ ಮದ್ಯದ ಬಾಟಲಿಗಳು ಒಡೆದು, ಆನೆ ಮೊದಲಾದ ಪ್ರಾಣಿಗಳ ಪಾದಕ್ಕೆ ನೆಡುತ್ತವೆ. ಅಷ್ಟು ಭಾರದ ಪ್ರಾಣಿಗೆ ಕಾಲಿನ ಗಾಯವೆಂದರೆ ಎಷ್ಟೋ ವೇಳೆ ಸಾವಿನ ಕರೆ.

ಈ ಸಂಗತಿ ಮದ್ರಾಸ್ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ನ್ಯಾಯಾಲಯದ ಸೂಚನೆಯ ಮೇರೆಗೆ 2022ರ ಮೇ ತಿಂಗಳಿನಿಂದ ನೀಲಗಿರಿ ಜಿಲ್ಲೆಯ ಸರಕಾರಿ ಮದ್ಯದಂಗಡಿಗಳಲ್ಲಿ ಬಾಟಲಿಯೊಂದಕ್ಕೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದಾಗ ಹಿಂದಿರುಗಿಸುವ ಪದ್ಧತಿ ಆರಂಭವಾಯಿತು. ಬಹುಪಾಲು ಬಾಟಲಿಗಳು ಅಂಗಡಿಗಳಿಗೆ ಮರಳಿ ಬಂದವು. ಮುಂದೆ ಕೊಯಮತ್ತೂರು, ಪೆರಂಬಲೂರು ಮೊದಲಾದ ಜಿಲ್ಲೆಗಳಿಗೂ ಅದನ್ನು ವಿಸ್ತರಿಸಿದರು.

ಜಾತ್ರೆಯ ಬಯಲಿನಲ್ಲಿ ಆ ವೃದ್ಧೆ ಮುಟ್ಟದೆ ಬಿಟ್ಟದ್ದು ಇಂಥದೇ ಗಾಜಿನ ಬಾಟಲಿ ಎಂಬುದನ್ನು ವಾಚಕರು ನೆನೆಯಬೇಕು. ಗಾಜು ಅದೇ, ಭಾರವೂ ಅದೇ. ನಮ್ಮ ಬಯಲಿನಲ್ಲಿ ಅದಕ್ಕೆ ಕಿಮ್ಮತ್ತಿರಲಿಲ್ಲ. ನೀಲಗಿರಿಯಲ್ಲಿ ಹತ್ತು ರೂಪಾಯಿ ಬಂದಿತು. ಅಷ್ಟೇ ವ್ಯತ್ಯಾಸ.

ಕೇಳಬೇಕಾದ ಪ್ರಶ್ನೆಗಳು

ಒಳ್ಳೆಯ ಪದ್ಧತಿಯೆಂದು ಕಣ್ಣು ಮುಚ್ಚಿ ಹೊಗಳುವುದು ನಮ್ಮ ಉದ್ದೇಶವಲ್ಲ. ಇದರಲ್ಲಿ ತೊಡಕುಗಳೂ ಇವೆ.

ಮೊದಲನೆಯದು ಅಂಗಡಿಯವನ ಕಷ್ಟ. ಹತ್ತು ಅಡಿ ಅಗಲದ ಕಿರಾಣಿ ಅಂಗಡಿಯಲ್ಲಿ ಸಕ್ಕರೆ, ಬೇಳೆಯ ಮೂಟೆ ಇಡಲೇ ಜಾಗವಿರುವುದಿಲ್ಲ. ಜಿಗುಟಾದ ಖಾಲಿ ಬಾಟಲಿಗಳನ್ನು ಎಲ್ಲಿಡಬೇಕು? ತಮಿಳುನಾಡಿನಲ್ಲಿಯೂ ಮದ್ಯದಂಗಡಿಯ ನೌಕರರು ಸ್ಥಳವಿಲ್ಲ, ಕೆಲಸದ ಹೊರೆ ಹೆಚ್ಚಾಯಿತು ಎಂದು ಆಕ್ಷೇಪಿಸಿದ್ದುಂಟು. ಅದು ನ್ಯಾಯವಾದ ಮಾತು. ಬಾಟಲಿ ತೆಗೆದುಕೊಳ್ಳುವವನಿಗೆ ಅವನ ಶ್ರಮಕ್ಕೆ ತಕ್ಕ ಪ್ರತಿಫಲ ಸಲ್ಲಬೇಕು. ಖಾಲಿಗಳನ್ನು ನಿಯಮಿತವಾಗಿ ಒಯ್ಯುವ ಗಾಡಿಯೂ ಬರಬೇಕು.

ಎರಡನೆಯದು ಮರಳಿ ಕೇಳದ ಹಣದ ಪ್ರಶ್ನೆ. ನೂರು ಜನ ಒತ್ತೆ ಇಟ್ಟು ಎಂಬತ್ತು ಜನ ಮಾತ್ರ ಬಿಡಿಸಿಕೊಂಡರೆ, ಉಳಿದ ಇಪ್ಪತ್ತು ಜನರ ಹಣ ಯಾರದು? ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಅದರ ಮುಕ್ಕಾಲು ಪಾಲು ಪರಿಸರ ರಕ್ಷಣೆಯ ನಿಧಿಗೆ, ಕಾಲು ಪಾಲು ಅಂಗಡಿಯವರಿಗೆ ಹೋಗುತ್ತದೆಂದು ಕಾನೂನೇ ಹೇಳುತ್ತದೆ. ಇಂಥ ಲೆಕ್ಕ ಬಹಿರಂಗವಾಗಿ ಇಲ್ಲದಿದ್ದರೆ ಒತ್ತೆಯೇ ಒಂದು ಗುಪ್ತ ತೆರಿಗೆಯಾಗಿ, ಬಾಟಲಿ ಮರಳದಿದ್ದರೇ ಲಾಭವೆನ್ನುವವರು ಹುಟ್ಟಿಕೊಳ್ಳುತ್ತಾರೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ನಮ್ಮ ದೇಶದಲ್ಲಿ ಪ್ಲಾಸ್ಟಿಕ್ ಬಾಟಲಿಗಳು ಈಗಲೂ ಗಣನೀಯ ಪ್ರಮಾಣದಲ್ಲಿ ಗುಜರಿ ಅಂಗಡಿಗಳ ಮೂಲಕ ಕಾರ್ಖಾನೆ ಸೇರಿ, ನೂಲಾಗಿ, ಬಟ್ಟೆಯಾಗಿ ಮರುಹುಟ್ಟು ಪಡೆಯುತ್ತಿವೆ. ಅದು ಕಾನೂನಿನ ಬಲದಿಂದಲ್ಲ, ಚಿಂದಿ ಆಯುವವರ ಬೆವರಿನಿಂದ. ನಾಳೆ ಎಲ್ಲ ಬಾಟಲಿಗಳನ್ನೂ ಮಾಲ್‌ಗಳ ಯಂತ್ರಗಳೇ ನುಂಗಿಬಿಟ್ಟರೆ ಇವರ ಹೊಟ್ಟೆಯ ಪಾಡೇನು? ಜರ್ಮನಿಯಂಥ ದೇಶದಲ್ಲಿಯೂ ಪಿಂಚಣಿ ಸಾಲದ ವೃದ್ಧರು ಬೀದಿಯ ಕಸದ ತೊಟ್ಟಿಗಳಲ್ಲಿ ಕೈಯಾಡಿಸಿ ಬಾಟಲಿ ಹುಡುಕುವುದುಂಟು. ಅವರು ಕಸದಲ್ಲಿ ಕೈ ಹಾಕುವಂತಾಗಬಾರದೆಂದು, ಎಷ್ಟೋ ಜನ ಖಾಲಿ ಬಾಟಲಿಯನ್ನು ತೊಟ್ಟಿಯೊಳಗೆ ಹಾಕದೆ ಪಕ್ಕದಲ್ಲಿ ನಿಲ್ಲಿಸಿ ಹೋಗುತ್ತಾರೆ. ಚಿಕ್ಕ ನಡತೆ; ಆದರೆ ಅದರಲ್ಲಿ ಮನುಷ್ಯನ ಮಾನ ಕಾಯುವ ಸಂಸ್ಕಾರವಿದೆ.

ಬೆಂಗಳೂರು ಮಹಾನಗರ ಪಾಲಿಕೆ 2011ರಲ್ಲಿ ಚಿಂದಿ ಆಯುವವರಿಗೆ ಗುರುತಿನ ಚೀಟಿಗಳನ್ನು ಕೊಡಲು ಆರಂಭಿಸಿತು. ಒಣಕಸ ಸಂಗ್ರಹದ ಕೇಂದ್ರಗಳನ್ನು ನಡೆಸುವ ಹೊಣೆಯನ್ನೂ ಅವರಲ್ಲಿ ಹಲವರು ಹೊತ್ತರು. ಒತ್ತೆಯ ಪದ್ಧತಿ ನಮ್ಮ ರಾಜ್ಯಕ್ಕೆ ಬರುವುದಾದರೆ ಇಂಥವರ ಕೈಯಿಂದಲೇ ಬರಬೇಕು. ಗುಜರಿ ಅಂಗಡಿಯಲ್ಲಿ ತೂಕಕ್ಕೆ ಮಾರಿದರೆ ಒಂದು ಬಾಟಲಿಗೆ ಸಿಗುವುದು ಪೈಸೆಗಳ ಲೆಕ್ಕ; ಒತ್ತೆಯಿದ್ದರೆ ರೂಪಾಯಿಗಳ ಲೆಕ್ಕ. ಆ ರೂಪಾಯಿ ಆಯ್ದವರ ಕೈಗೆ ನೇರವಾಗಿ ಸಲ್ಲುವಂತಿದ್ದರೆ, ಈ ಪದ್ಧತಿ ಅವರ ಅನ್ನ ಕಸಿಯುವುದಿಲ್ಲ, ಹೆಚ್ಚಿಸುತ್ತದೆ.

ನಮ್ಮಿಂದ ಆಗಬಹುದಾದುದು

ಕಾನೂನು ಮಾಡುವುದು ಸರಕಾರದ ಕೆಲಸ. ಅದು ಬರುವವರೆಗೆ ಕೈಕಟ್ಟಿ ಕೂಡಬೇಕಾಗಿಲ್ಲ. ನಮ್ಮ ಮನೆಗಳಲ್ಲಿ, ಮದುವೆಗಳಲ್ಲಿ, ಜಾತ್ರೆಗಳಲ್ಲಿ ಆರಂಭಿಸಬಹುದಾದ ಕೆಲವು ಸಂಗತಿಗಳನ್ನು ವಿನಯಪೂರ್ವಕವಾಗಿ ಸೂಚಿಸುತ್ತೇವೆ.

ಜಾತ್ರಾ ಸಮಿತಿಯವರು ಮನಸ್ಸು ಮಾಡಿದರೆ ಕೇದಾರದ ಪದ್ಧತಿಯನ್ನು ತಮ್ಮ ಬಯಲಿನಲ್ಲಿ ನಡೆಸುವುದು ಅಸಾಧ್ಯವಲ್ಲ. ಬಯಲಿನ ಅಂಗಡಿಗಳಿಗೆ ಜಾಗ ಹಂಚುವವರು ಅವರೇ. ಸ್ಥಳೀಯ ಆಡಳಿತದ ಒಪ್ಪಿಗೆ ಪಡೆದು, ಆ ಅಂಗಡಿಗಳಲ್ಲಿ ಮಾರುವ ಪ್ರತಿ ಬಾಟಲಿಗೆ ಸಮಿತಿಯ ಮುದ್ರೆಯ ಚೀಟಿ ಅಂಟಿಸಿ, ಐದೋ ಹತ್ತೋ ರೂಪಾಯಿ ಒತ್ತೆ ಇಡಿಸಿಕೊಳ್ಳಬಹುದು. ಈ ಹಣ ಬೆಲೆಯಲ್ಲ, ಬಾಟಲಿ ತಂದರೆ ವಾಪಸು ಎಂಬುದನ್ನು ದೊಡ್ಡ ಅಕ್ಷರದಲ್ಲಿ ಫಲಕಕ್ಕೆ ಬರೆಸಬೇಕು. ಬಯಲಿನಿಂದ ಹೊರಹೋಗುವ ದಾರಿಯಲ್ಲಿಯೇ ಮೇಜು ಹಾಕಿ ಇಬ್ಬರು ತರುಣರನ್ನು ಕೂಡಿಸಬೇಕು. ದೂರದಲ್ಲಿಟ್ಟರೆ ಯಾರೂ ಹೋಗುವುದಿಲ್ಲ. ಯಾರು ತಂದರೂ, ಎಷ್ಟು ತಂದರೂ ಮರುಮಾತಿಲ್ಲದೆ ಹಣ ಕೊಡಬೇಕು. ಉಳಿದ ಹಣದ ಲೆಕ್ಕವನ್ನು ಜಾತ್ರೆಯ ಜಮಾಖರ್ಚಿನೊಡನೆ ಓದಿ ಹೇಳಿ, ಬಯಲನ್ನು ಗುಡಿಸುವವರಿಗೆ ಅದನ್ನು ಹಂಚಿದರೆ ಯಾರ ಅನುಮಾನಕ್ಕೂ ಎಡೆಯಿರುವುದಿಲ್ಲ.

ಇದಕ್ಕೂ ಮೊದಲು ಮಾಡಬೇಕಾದುದೊಂದಿದೆ. ಬಾಟಲಿಯ ಅಗತ್ಯವನ್ನೇ ಕಡಿಮೆ ಮಾಡುವುದು. ಬೇಸಿಗೆಯಲ್ಲಿ ದಾರಿಹೋಕರಿಗೆ ಅರವಟ್ಟಿಗೆ ಇಟ್ಟು ನೀರು, ಮಜ್ಜಿಗೆ ಕೊಟ್ಟ ನಾಡು ನಮ್ಮದು. ಮದುವೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಒಂದೊಂದು ಪ್ಲಾಸ್ಟಿಕ್ ಬಾಟಲಿ ಇಡುವುದು ಈಗ ಅಂತಸ್ತಿನ ಗುರುತಾಗಿದೆ. ಅತಿಥಿ ಎರಡು ಗುಟುಕು ಕುಡಿದು ಏಳುತ್ತಾನೆ. ಉಳಿದ ನೀರೂ ಬಾಟಲಿಯೂ ಎಂಜಲೆಲೆಯೊಡನೆ ತಿಪ್ಪೆಗೆ ಹೋಗುತ್ತವೆ. ಸ್ಟೀಲಿನ ಲೋಟದಲ್ಲಿ ಶುದ್ಧ ನೀರು ಬಡಿಸಿದರೆ ಯಾವ ಬೀಗರ ಮರ್ಯಾದೆಗೂ ಕುಂದು ಬರಲಾರದು.

ಮನೆಯಲ್ಲಿ ತಾಯಂದಿರು ಪಾಲಿಸಬಹುದಾದ ಚಿಕ್ಕ ನಿಯಮವೂ ಉಂಟು. ಖಾಲಿ ಬಾಟಲಿ, ಡಬ್ಬಿಗಳನ್ನು ಅಡಿಗೆಯ ಕಸದೊಡನೆ ಬೆರೆಸದೆ, ನೀರಾಡಿಸಿ ಬೇರೆ ಚೀಲದಲ್ಲಿಡುವುದು. ಅನ್ನ ಸಾರು ಮೆತ್ತಿದ ಬಾಟಲಿಗೆ ಗುಜರಿಯಲ್ಲಿ ಬೆಲೆಯಿಲ್ಲ; ಚೊಕ್ಕಟವಾದುದಕ್ಕೆ ಇದೆ. ಅಲ್ಯೂಮಿನಿಯಂ ಡಬ್ಬಿಯನ್ನಂತೂ ಎಂದೂ ಎಸೆಯಬಾರದು. ಅದಿರಿನಿಂದ ಹೊಸ ಲೋಹ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ನೂರಕ್ಕೆ ಸುಮಾರು 95ರಷ್ಟು ಹಳೆಯದನ್ನು ಕರಗಿಸಿದಾಗ ಉಳಿತಾಯವಾಗುತ್ತದೆ. ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ, ಗಾಜು ಎಂದು ಬರೆದು ಕೊಡಬೇಕು. ಕಸ ಆಯುವ ಕೈಗೂ ರಕ್ತವಿದೆ.

ಮಕ್ಕಳಿಗೆ ಇದನ್ನು ಹೇಳುವಾಗ ಪರಿಸರ, ಮಾಲಿನ್ಯ ಮೊದಲಾದ ದೊಡ್ಡ ಶಬ್ದಗಳ ಅಗತ್ಯವಿಲ್ಲ. ಎರವಲು ತಂದದ್ದನ್ನು ತಿರುಗಿಸಿ ಕೊಡಬೇಕು ಎಂದರೆ ಸಾಕು. ಕುಡಿದ ನೀರು ನಮ್ಮದಾಯಿತು, ಬಾಟಲಿ ನಮ್ಮದಲ್ಲ. ಅದನ್ನು ಯಾರಿಗೆ ಕೊಡಬೇಕೋ ಅವರಿಗೆ ಮುಟ್ಟಿಸುವವರೆಗೆ ಅದರ ಋಣ ನಮ್ಮ ಮೇಲಿರುತ್ತದೆ.

ಮುಂದಿನ ವರ್ಷವೂ ತೇರು ಎಳೆಯಲಾಗುವುದು. ಮರುದಿನ ಬೆಳಗೂ ಆಗುವುದು. ಆ ತಾಯಿ ಗೋಣಿಚೀಲ ಹೊತ್ತು ಮತ್ತೆ ಬಯಲಿಗೆ ಬಂದಾರು. ಅಂದು ಗಾಜಿನ ಬಾಟಲಿಯನ್ನೂ ಅವರು ಎತ್ತಿಕೊಳ್ಳುವಂತಾಗಬೇಕು, ಹೊತ್ತ ಕೂಲಿ ಅವರಿಗೆ ಗಿಟ್ಟಬೇಕು. ಇಲ್ಲವೆ, ಎತ್ತಿಕೊಳ್ಳಲು ಅಲ್ಲೇನೂ ಉಳಿಯದೆ, ನಾವೇ ಎಲ್ಲವನ್ನೂ ಹಿಂದಿರುಗಿಸಿ ಬಂದು, ಉಳಿದ ಒತ್ತೆಯ ಹಣದಲ್ಲಿ ಅವರ ಪಾಲನ್ನು ಮೊದಲೇ ತೆಗೆದಿಟ್ಟಿರಬೇಕು. ಎರಡರಲ್ಲಿ ಯಾವುದಾದರೂ ಆಗುವಂತೆ ನೋಡಿಕೊಳ್ಳುವುದು ಸಮಿತಿಯ ಹಿರಿಯರ ಕೈಯಲ್ಲಿದೆ, ಜಾತ್ರೆಗೆ ಹೋಗುವ ನಮ್ಮೆಲ್ಲರ ಕೈಯಲ್ಲಿಯೂ ಇದೆ.